ಡಿಡಿ ಫ್ರೀ ಡಿಶ್

ಡಿಡಿ ಫ್ರೀ ಡಿಶ್ ಭಾರತದ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಪ್ರಸಾರ ಭಾರತಿಯು ನಡೆಸುತ್ತಿರುವ ಉಚಿತ ಡಿಟಿಎಚ್ ಸೇವೆಯಾಗಿದೆ. ಉಪಗ್ರಹದಿಂದ ನೇರವಾಗಿ ಮನೆಯ ಡಿಶ್ ಆಂಟೆನಾಗೆ ಬರುವ ಈ ಪ್ರಸಾರಕ್ಕೆ ಮಾಸಿಕ ಚಂದಾ ಇಲ್ಲ, ರೀಚಾರ್ಜ್ ಇಲ್ಲ. ಡಿಶ್, ಸೆಟ್ ಟಾಪ್ ಬಾಕ್ಸ್ ಮತ್ತು ತಂತಿಗೆ ಒಮ್ಮೆ ಹಣ ತೆತ್ತರೆ ಮುಗಿಯಿತು. 2004ರಲ್ಲಿ 'ಡಿಡಿ ಡೈರೆಕ್ಟ್ ಪ್ಲಸ್' ಎಂಬ ಹೆಸರಿನಿಂದ ಆರಂಭವಾದ ಇದು ಇಂದು ಕೇಬಲ್ ಸಂಪರ್ಕಕ್ಕೆ ದೇಶದಲ್ಲಿರುವ ಅತಿ ಅಗ್ಗದ ಪರ್ಯಾಯ. 4 ಕೋಟಿಗೂ ಹೆಚ್ಚು ಮನೆಗಳಲ್ಲಿ ಬಳಕೆಯಲ್ಲಿದೆ ಎಂಬುದು ಅಂದಾಜು. ಅಂದಾಜು ಎನ್ನಲು ಕಾರಣವಿದೆ: ಚಂದಾದಾರರೇ ಇಲ್ಲದ ಸೇವೆಯಲ್ಲಿ ಚಂದಾದಾರರ ಪಟ್ಟಿಯೂ ಇರುವುದಿಲ್ಲ. ಅಂಗಡಿಯಿಂದ ಪೆಟ್ಟಿಗೆ ಕೊಂಡು ಮನೆಯ ಮಾಳಿಗೆಯ ಮೇಲೆ ಡಿಶ್ ನಿಲ್ಲಿಸಿದವರು ಯಾರಿಗೂ ಹೆಸರು ಬರೆಸಬೇಕಾಗಿಲ್ಲ.

ಹಿನ್ನೆಲೆ

ಉಪಗ್ರಹದಿಂದ ಹಳ್ಳಿಗೆ ನೇರವಾಗಿ ದೂರದರ್ಶನ ತಲುಪಿಸುವ ಆಲೋಚನೆ ಭಾರತಕ್ಕೆ ಹೊಸದಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ 'ಸೈಟ್' ಎಂಬ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಶಿಕ್ಷಣ, ಕೃಷಿ, ಆರೋಗ್ಯ ವಿಷಯಗಳ ಕಾರ್ಯಕ್ರಮಗಳನ್ನು ಪ್ರಸಾರ ಮಾಡಲಾಯಿತು. ಕರ್ನಾಟಕದ ರಾಯಚೂರು, ಗುಲ್ಬರ್ಗಾ ಮತ್ತು ಬಿಜಾಪುರ ಜಿಲ್ಲೆಗಳು ಆ ಪ್ರಯೋಗದಲ್ಲಿ ಸೇರಿದ್ದವು. ಕೋಳಿಗೂಡಿಗೆ ಬಳಸುವಂಥ ತಂತಿ ಬಲೆಯಿಂದ ಮಾಡಿದ ಸುಮಾರು 10 ಅಡಿ ಅಗಲದ ಆಂಟೆನಾಗಳು ಹಳ್ಳಿಯ ಸಾರ್ವಜನಿಕ ಕಟ್ಟಡಗಳ ಬಳಿ ನಿಂತವು. ಊರಿಗೆ ಒಂದೇ ಟಿವಿ, ಎಲ್ಲರೂ ಕೂಡಿ ನೋಡುವುದು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಸ್ಥಾಪನೆಯಾಗುವುದಕ್ಕೆ ಹಲವು ವರ್ಷ ಮೊದಲೇ ಹೈದರಾಬಾದ್ ಕರ್ನಾಟಕದ ರೈತರು ಉಪಗ್ರಹದ ಚಿತ್ರವನ್ನು ನೋಡಿದ್ದರು ಎಂಬುದು ಸಾಮಾನ್ಯವಾಗಿ ನೆನಪಿಗೆ ಬಾರದ ಸಂಗತಿ.

ಮುಂದಿನ ದಶಕಗಳಲ್ಲಿ ದೂರದರ್ಶನವು ಭೂಮಿಯ ಮೇಲಿನ ಪ್ರಸಾರ ಗೋಪುರಗಳ ಮೂಲಕ ಬೆಳೆಯಿತು. ಮನೆಯ ಮೇಲೆ ಮೀನಿನ ಮುಳ್ಳಿನಂತಹ ಅಲ್ಯೂಮಿನಿಯಂ ಆಂಟೆನಾ ಇದ್ದರೆ ಸಾಕಾಗಿತ್ತು; ಮಾಸಿಕ ಖರ್ಚಿನ ಪ್ರಶ್ನೆಯೇ ಇರಲಿಲ್ಲ. 1991ರ ಕೊಲ್ಲಿ ಯುದ್ಧದ ಸಮಯದಲ್ಲಿ ವಿದೇಶಿ ಸುದ್ದಿವಾಹಿನಿಗಳನ್ನು ತೋರಿಸುತ್ತಾ ನಗರಗಳಲ್ಲಿ ಹಬ್ಬತೊಡಗಿದ ಕೇಬಲ್ ಜಾಲ, ಸ್ಟಾರ್ ಮತ್ತು ಜೀ ವಾಹಿನಿಗಳ ಆಗಮನದಿಂದ ಬಲಗೊಂಡಿತು. 1994ರಲ್ಲಿ ಉದಯ ಟಿವಿ ಪ್ರಾರಂಭವಾದ ಮೇಲೆ ಕನ್ನಡದ ಮನೆಗಳಿಗೂ ಕೇಬಲ್ ಬೇಕೆನಿಸಿತು. 1995ರಲ್ಲಿ ಕೇಬಲ್ ಜಾಲಗಳ ನಿಯಂತ್ರಣ ಕಾಯಿದೆ ಜಾರಿಗೆ ಬಂದಿತು.

ಮನೆಗೆ ನೇರ ಉಪಗ್ರಹ ಪ್ರಸಾರವನ್ನು ಸರ್ಕಾರ 1997ರಲ್ಲಿ ನಿಷೇಧಿಸಿ, 2000ದಲ್ಲಿ ಷರತ್ತುಗಳೊಂದಿಗೆ ಅನುಮತಿಸಿತು. 2003ರಲ್ಲಿ ಡಿಶ್ ಟಿವಿ ಎಂಬ ಖಾಸಗಿ ಸೇವೆ ಆರಂಭವಾಯಿತು. 2004ರ ಡಿಸೆಂಬರ್ 16ರಂದು ಅಂದಿನ ಪ್ರಧಾನಮಂತ್ರಿ ಮನಮೋಹನ್ ಸಿಂಗ್ ಅವರು ಡಿಡಿ ಡೈರೆಕ್ಟ್ ಪ್ಲಸ್ ಸೇವೆಯನ್ನು ಉದ್ಘಾಟಿಸಿದರು. ಆಗ ಅದರಲ್ಲಿ 33 ವಾಹಿನಿಗಳಿದ್ದವು. ಗೋಪುರಗಳ ಪ್ರಸಾರ ತಲುಪದ ಗುಡ್ಡಗಾಡು ಮತ್ತು ಗಡಿ ಪ್ರದೇಶಗಳಿಗೆ ದೂರದರ್ಶನ ಒದಗಿಸುವುದು ಮೂಲ ಉದ್ದೇಶವಾಗಿತ್ತು. ಪಟ್ಟಣದ ಕೇಬಲ್ ಬಿಟ್ಟು ಜನ ಇದರತ್ತ ಬರುವರೆಂದು ಆಗ ಹೆಚ್ಚು ಮಂದಿ ಊಹಿಸಿರಲಿಕ್ಕಿಲ್ಲ.

ತಾಂತ್ರಿಕ ವಿವರ

ಮೊದಲು ಎನ್‌ಎಸ್‌ಎಸ್-6 ಎಂಬ ವಿದೇಶಿ ಉಪಗ್ರಹದಿಂದ ನಡೆಯುತ್ತಿದ್ದ ಪ್ರಸಾರ ಬಳಿಕ ಇಸ್ರೋದ ಇನ್‌ಸ್ಯಾಟ್-4ಬಿ ಉಪಗ್ರಹಕ್ಕೆ, ಅನಂತರ ಜಿಸ್ಯಾಟ್-15ಕ್ಕೆ ವರ್ಗವಾಯಿತು. ಜಿಸ್ಯಾಟ್-15 ಅನ್ನು 2015ರ ನವೆಂಬರ್ 11ರಂದು ಫ್ರೆಂಚ್ ಗಯಾನಾದ ಕೌರು ಕೇಂದ್ರದಿಂದ ಏರಿಯಾನ್-5 ರಾಕೆಟ್ಟಿನ ಮೂಲಕ ಉಡಾಯಿಸಲಾಯಿತು. ಇದು ಸಮಭಾಜಕ ವೃತ್ತದ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ಭೂಮಿಯ ಆವರ್ತನದ ವೇಗಕ್ಕೆ ಸಮನಾಗಿ ಸುತ್ತುವುದರಿಂದ ನೆಲದಿಂದ ನೋಡುವವರಿಗೆ ಅದು ಆಕಾಶದಲ್ಲಿ ಒಂದೇ ಕಡೆ ನಿಂತಂತಿರುತ್ತದೆ. ಡಿಶ್ಶನ್ನು ಒಮ್ಮೆ ತಿರುಗಿಸಿ ಬಿಗಿದರೆ ಮತ್ತೆ ಮುಟ್ಟಬೇಕಾಗಿಲ್ಲದಿರುವುದು ಇದರಿಂದಲೇ.

ಬೆಂಗಳೂರಿನಿಂದ ಈ ಉಪಗ್ರಹ ಆಗ್ನೇಯ ದಿಕ್ಕಿನಲ್ಲಿ, ಕ್ಷಿತಿಜದಿಂದ ಸುಮಾರು 66 ಡಿಗ್ರಿ ಎತ್ತರದಲ್ಲಿದೆ. ರಾಜ್ಯದ ಉಳಿದ ಕಡೆಗಳಲ್ಲಿಯೂ ದಿಕ್ಕು ಹೆಚ್ಚು ಕಡಿಮೆ ಅದೇ. ಉಪಗ್ರಹ ಅಷ್ಟು ಮೇಲಿದ್ದರೂ ಡಿಶ್ ಅಷ್ಟು ಮೇಲಕ್ಕೆ ನೋಡುತ್ತಿರುವಂತೆ ಕಾಣುವುದಿಲ್ಲ. ಗ್ರಾಹಕ ಭಾಗವಾದ ಎಲ್‌ಎನ್‌ಬಿ ತಟ್ಟೆಯ ನಡುವಿಗೆ ನೇರವಾಗಿರದೆ ಕೆಳಗಿನ ಕೋಲಿನ ತುದಿಯಲ್ಲಿರುವುದರಿಂದ, ಮೇಲಿನಿಂದ ಬಂದ ತರಂಗಗಳು ಪ್ರತಿಫಲಿಸಿ ಅಲ್ಲಿಗೆ ಬೀಳುವಂತೆ ತಟ್ಟೆಯನ್ನು ರೂಪಿಸಲಾಗಿರುತ್ತದೆ. ಸ್ವತಃ ಡಿಶ್ ಕೂರಿಸಲು ಹೊರಟವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ತಟ್ಟೆಯ ಮುಖ ನೋಡುವ ದಿಕ್ಕೇ ಉಪಗ್ರಹದ ದಿಕ್ಕು ಎಂದು ತಿಳಿದು ಅದನ್ನು ಬೇಕಾದುದಕ್ಕಿಂತ ಹೆಚ್ಚು ಆಕಾಶಕ್ಕೆತ್ತುತ್ತಾರೆ.

ಪ್ರಸಾರ ಕೆಯು ಬ್ಯಾಂಡ್ ಎಂಬ ತರಂಗ ಪಟ್ಟಿಯಲ್ಲಿ ನಡೆಯುತ್ತದೆ. ಈ ತರಂಗಗಳ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸಿನಲ್ಲಿರುವುದರಿಂದ 60 ಸೆಂಟಿಮೀಟರ್ ಅಗಲದ ಸಣ್ಣ ತಟ್ಟೆ ಸಾಕಾಗುತ್ತದೆ. ಆದರೆ ದಟ್ಟ ಮಳೆ ಇದೇ ತರಂಗಗಳನ್ನು ಹೀರಿಕೊಳ್ಳುತ್ತದೆ. ಮಲೆನಾಡು ಮತ್ತು ಕರಾವಳಿಯಲ್ಲಿ ಆಷಾಢದ ಜಡಿಮಳೆಯ ಹೊತ್ತು ಚಿತ್ರ ಚೌಕಚೌಕವಾಗಿ ಒಡೆದು ನಿಂತುಹೋಗುವುದು ಪೆಟ್ಟಿಗೆಯ ದೋಷವಲ್ಲ. ಅಂತಹ ಕಡೆ 90 ಸೆಂಟಿಮೀಟರಿನ ತಟ್ಟೆ ಹಾಕಿದರೆ ತೊಂದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಅಡಿಕೆ, ತೆಂಗಿನ ಮರಗಳು ಆಗ್ನೇಯಕ್ಕೆ ಅಡ್ಡವಿದ್ದರೂ ಸಂಕೇತ ಸಿಗುವುದಿಲ್ಲ. ವರ್ಷಕ್ಕೆ ಎರಡು ಬಾರಿ, ಮಾರ್ಚ್‌ನಲ್ಲಿ ಮತ್ತು ಸೆಪ್ಟೆಂಬರ್ ಕೊನೆಯ ಸುಮಾರಿಗೆ, ಸೂರ್ಯನು ಉಪಗ್ರಹದ ಬೆನ್ನಿಗೆ ಬರುವ ಕೆಲವು ದಿನಗಳಲ್ಲಿ ಹಗಲು ಹೊತ್ತು ಕೆಲವು ನಿಮಿಷ ಪ್ರಸಾರ ಕೆಡುತ್ತದೆ. ಇದು ಎಲ್ಲ ಉಪಗ್ರಹ ಸೇವೆಗಳಿಗೂ ಸಮಾನ.

ವಾಹಿನಿಗಳು

ದೂರದರ್ಶನದ ರಾಷ್ಟ್ರೀಯ ಮತ್ತು ಪ್ರಾದೇಶಿಕ ವಾಹಿನಿಗಳೆಲ್ಲವೂ ಇದರಲ್ಲಿವೆ. ಸಂಸತ್ತಿನ ವಾಹಿನಿ, ಆಕಾಶವಾಣಿಯ ವಿವಿಧ ಭಾಷೆಗಳ ಬಾನುಲಿ ಪ್ರಸಾರ, ಹಿಂದಿಯ ಸಿನಿಮಾ, ಸುದ್ದಿ, ಭಕ್ತಿ ಮತ್ತು ಸಂಗೀತ ವಾಹಿನಿಗಳು, ಜೊತೆಗೆ ಬಹುಸಂಖ್ಯೆಯ ಶೈಕ್ಷಣಿಕ ವಾಹಿನಿಗಳು ದೊರೆಯುತ್ತವೆ. ಖಾಸಗಿ ವಾಹಿನಿಗಳು ಇಲ್ಲಿ ಸ್ಥಾನ ಪಡೆಯಲು ಪ್ರಸಾರ ಭಾರತಿಗೆ ಹಣ ಕೊಡುತ್ತವೆ. ಸ್ಥಾನಗಳನ್ನು ಇ-ಹರಾಜಿನ ಮೂಲಕ ಹಂಚಲಾಗುತ್ತದೆ. ಕೇಬಲ್‌ನಲ್ಲಿ ನೋಡುಗನು ವಾಹಿನಿಗೆ ಹಣ ಕೊಟ್ಟರೆ ಇಲ್ಲಿ ವಾಹಿನಿಯೇ ನೋಡುಗನ ಮನೆಗೆ ಬರಲು ಹಣ ಕೊಡುತ್ತದೆ. ಆ ಹಣವನ್ನು ಅದು ಜಾಹೀರಾತಿನಿಂದ ಹಿಂಪಡೆಯುತ್ತದೆ.

ಈ ಏರ್ಪಾಡಿನ ಫಲಿತಾಂಶ ವಾಹಿನಿಗಳ ಭಾಷೆಯಲ್ಲಿ ಎದ್ದು ಕಾಣುತ್ತದೆ. ಜಾಹೀರಾತುದಾರರು ಹೆಚ್ಚು ನೋಡುಗರಿರುವ ಕಡೆ ಹಣ ಹೂಡುತ್ತಾರೆ. ಫ್ರೀ ಡಿಶ್ ನೋಡುಗರು ಹೆಚ್ಚಾಗಿ ಇರುವುದು ಉತ್ತರ ಭಾರತದ ಗ್ರಾಮಾಂತರದಲ್ಲಿ. ಹೀಗಾಗಿ ಹರಾಜಿನಲ್ಲಿ ಹಿಂದಿ ಮತ್ತು ಭೋಜಪುರಿ ವಾಹಿನಿಗಳೇ ಮುಂದಿರುತ್ತವೆ. ಕನ್ನಡದ ನೋಡುಗನಿಗೆ ಖಚಿತವಾಗಿ ಸಿಗುವುದು ಡಿಡಿ ಚಂದನ. ಉದಯ, ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣಗಳಂತಹ ಜನಪ್ರಿಯ ವಾಹಿನಿಗಳು ಚಂದಾ ವಾಹಿನಿಗಳಾಗಿರುವುದರಿಂದ ಇವುಗಳಿಗಾಗಿ ಕೇಬಲ್ ಅಥವಾ ಖಾಸಗಿ ಡಿಟಿಎಚ್‌ಗೇ ಹೋಗಬೇಕಾಗುತ್ತದೆ. ಸಂಜೆಯ ಧಾರಾವಾಹಿಯನ್ನು ಬಿಡಲಾಗದ ಕನ್ನಡದ ಮನೆಗೆ ಫ್ರೀ ಡಿಶ್ ಅರ್ಧ ಪರ್ಯಾಯ ಮಾತ್ರ. ಕರ್ನಾಟಕದಲ್ಲಿ ಈ ಸೇವೆ ಉತ್ತರ ಭಾರತದಷ್ಟು ಹರಡದಿರುವುದಕ್ಕೆ ಇದೇ ಮುಖ್ಯ ಕಾರಣವೆನ್ನಬಹುದು.

ಇನ್ನೊಂದು ಬದಿಯಿಂದ ನೋಡಿದರೆ, ಕರ್ನಾಟಕದ ಹೊರಗಿರುವ ಕನ್ನಡಿಗರಿಗೆ ಇದರ ಪ್ರಯೋಜನ ಹೆಚ್ಚು. ಕಾಸರಗೋಡು, ಅಕ್ಕಲಕೋಟೆ, ಜತ್ತ, ಆದವಾನಿ ಮುಂತಾದ ಗಡಿಯಾಚೆಯ ಕನ್ನಡ ಪ್ರದೇಶಗಳಲ್ಲಿ ಅಥವಾ ದೆಹಲಿ, ಮುಂಬಯಿಗಳಲ್ಲಿ ಕನ್ನಡ ವಾಹಿನಿ ಕೊಡುವುದೂ ಬಿಡುವುದೂ ಕೇಬಲ್‌ನವರ ಲೆಕ್ಕಾಚಾರಕ್ಕೆ ಸೇರಿದ್ದು. ಉಪಗ್ರಹಕ್ಕೆ ರಾಜ್ಯದ ಗಡಿ ಇಲ್ಲ. ಚಂದನ ವಾಹಿನಿಯ ಸುದ್ದಿ, ಕೃಷಿ ಕಾರ್ಯಕ್ರಮ, ಉತ್ತರ ಹೇಳಿದವರಿಗೆ ಪುಸ್ತಕಗಳನ್ನೇ ಬಹುಮಾನವಾಗಿ ಕೊಡುವ 'ಥಟ್ ಅಂತ ಹೇಳಿ' ರಸಪ್ರಶ್ನೆ ಇವೆಲ್ಲವೂ ದೇಶದ ಯಾವ ಮೂಲೆಯಲ್ಲಿಯೂ ಸಿಗುತ್ತವೆ.

ಖಾಸಗಿ ಸಂಸ್ಥೆಗಳೊಂದಿಗಿನ ಸಂಬಂಧ ಸ್ಥಿರವಾಗಿ ಉಳಿದಿಲ್ಲ. 2015ರ ಅಕ್ಟೋಬರ್‌ನಲ್ಲಿ ನೋಡುಗರ ಸಂಖ್ಯೆ ಅಳೆಯುವ ಬಾರ್ಕ್ ಸಂಸ್ಥೆಯು ಗ್ರಾಮಾಂತರದ ಅಂಕಿ ಅಂಶಗಳನ್ನೂ ಪ್ರಕಟಿಸತೊಡಗಿದಾಗ, ಹಳೆಯ ಧಾರಾವಾಹಿಗಳನ್ನು ಮರುಪ್ರಸಾರ ಮಾಡುವ ಜೀ ಅನ್ಮೋಲ್, ಸ್ಟಾರ್ ಉತ್ಸವ್‌ನಂತಹ ಉಚಿತ ವಾಹಿನಿಗಳು ಪಟ್ಟಿಯ ಮುಂಚೂಣಿಗೆ ಬಂದವು. ಆದರೆ 2019ರ ಮಾರ್ಚ್‌ನಲ್ಲಿ ದೊಡ್ಡ ಸಂಸ್ಥೆಗಳು ಈ ವಾಹಿನಿಗಳನ್ನು ಫ್ರೀ ಡಿಶ್‌ನಿಂದ ಹಿಂತೆಗೆದುಕೊಂಡವು. 2020ರಲ್ಲಿ ಮರಳಿ ತಂದು 2022ರ ಏಪ್ರಿಲ್‌ನಲ್ಲಿ ಮತ್ತೆ ತೆಗೆದವು. ಉಚಿತವಾಗಿ ಸಿಕ್ಕರೆ ಹಣ ಕೊಟ್ಟು ಯಾರು ನೋಡಿಯಾರು ಎಂಬ ಅಳುಕು ಇದರ ಹಿಂದಿದೆ. ಹಣ ಕೊಡದ ನೋಡುಗನಿಗೆ ಇಂತಹ ವಾಹಿನಿ ಹೋಯಿತೆಂದು ದೂರು ಕೊಡಲು ಅವಕಾಶವಿಲ್ಲ.

ಕ್ರೀಡೆಯ ವಿಷಯದಲ್ಲಿ ಕಾನೂನು ಉಚಿತ ನೋಡುಗನ ಪರವಾಗಿದೆ. ರಾಷ್ಟ್ರೀಯ ಮಹತ್ವದ್ದೆಂದು ಘೋಷಿಸಿದ ಪಂದ್ಯಗಳ ನೇರಪ್ರಸಾರವನ್ನು ಖಾಸಗಿ ಹಕ್ಕುದಾರರು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕೆಂದು 2007ರ ಕಾಯಿದೆ ವಿಧಿಸುತ್ತದೆ. ಹಾಗೆ ಹಂಚಿಕೊಂಡ ಪ್ರಸಾರವನ್ನು ದೂರದರ್ಶನವು ತನ್ನ ಭೂಪ್ರಸಾರ ಮತ್ತು ಫ್ರೀ ಡಿಶ್‌ನಲ್ಲಿ ಮಾತ್ರ ತೋರಿಸಬಹುದು, ಖಾಸಗಿ ಕೇಬಲ್ ಮತ್ತು ಡಿಟಿಎಚ್‌ಗಳಿಗೆ ಅದು ಹೋಗಕೂಡದು ಎಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ತೀರ್ಪಿತ್ತಿತು. ಆದ್ದರಿಂದ ಭಾರತ ತಂಡದ ಕೆಲವು ಮುಖ್ಯ ಕ್ರಿಕೆಟ್ ಪಂದ್ಯಗಳು ಫ್ರೀ ಡಿಶ್ ಇರುವ ಮನೆಯಲ್ಲಿ ದೂರದರ್ಶನದ ವಾಹಿನಿಯಲ್ಲಿ ಕಾಣಿಸುತ್ತವೆ, ಪಕ್ಕದ ಕೇಬಲ್ ಮನೆಯಲ್ಲಿ ಅದೇ ವಾಹಿನಿಯಲ್ಲಿ ಕಾಣಿಸುವುದಿಲ್ಲ.

ಶಿಕ್ಷಣದಲ್ಲಿ ಬಳಕೆ

ಕಾಲೇಜು ಮಟ್ಟದ ಪಾಠಗಳಿಗಾಗಿ 2017ರಲ್ಲಿ ಆರಂಭವಾದ 'ಸ್ವಯಂಪ್ರಭಾ' ವಾಹಿನಿಗಳು ಜಿಸ್ಯಾಟ್-15ರ ಮೂಲಕವೇ ಪ್ರಸಾರವಾಗುತ್ತವೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ 'ಪಿಎಂ ಇ-ವಿದ್ಯಾ' ಯೋಜನೆಯಡಿ ಒಂದು ತರಗತಿಗೆ ಒಂದು ವಾಹಿನಿ ಎಂಬಂತೆ 12 ವಾಹಿನಿಗಳು ಪ್ರಾರಂಭವಾದವು. 2022ರ ಕೇಂದ್ರ ಬಜೆಟ್‌ನಲ್ಲಿ ಇವನ್ನು 200ಕ್ಕೆ ಹೆಚ್ಚಿಸಿ ಪ್ರಾದೇಶಿಕ ಭಾಷೆಗಳಲ್ಲಿ ಪಾಠ ನೀಡುವುದಾಗಿ ಘೋಷಿಸಲಾಯಿತು. ಅದೇ 2020ರಲ್ಲಿ ಕರ್ನಾಟಕದ ಶಿಕ್ಷಣ ಇಲಾಖೆ 'ಸಂವೇದ' ಎಂಬ ಹೆಸರಿನ ಪಾಠಗಳನ್ನು ಡಿಡಿ ಚಂದನದಲ್ಲಿ ಪ್ರಸಾರ ಮಾಡಿತು. ಸ್ಮಾರ್ಟ್‌ಫೋನ್ ಇಲ್ಲದ, ಇದ್ದರೂ ಡೇಟಾ ಹಾಕಿಸಲಾಗದ ಮನೆಗಳ ಮಕ್ಕಳಿಗೆ ಆ ತಿಂಗಳುಗಳಲ್ಲಿ ತರಗತಿ ಎಂಬುದು ಉಳಿದಿದ್ದರೆ ಅದು ಟಿವಿಯ ಮುಂದೆ. ಟಿವಿ ಇದ್ದೂ ಕೇಬಲ್ ಬಾಕಿಯಿಂದ ಸಂಪರ್ಕ ಕಡಿತಗೊಂಡಿದ್ದ ಮನೆಯಲ್ಲಿ ಅದೂ ಇಲ್ಲ. ದೂರದರ್ಶನದ ಪಾಠಕ್ಕೆ ಅದರದೇ ಮಿತಿ ಇದೆ: ಸಮಯ ನಿಗದಿ, ತಪ್ಪಿದರೆ ತಪ್ಪಿತು, ಕೇಳಲು ಸಂದೇಹವಿದ್ದರೆ ಉತ್ತರಿಸುವವರಿಲ್ಲ.

ಖರ್ಚಿನ ಹೋಲಿಕೆ

ಫ್ರೀ ಡಿಶ್‌ನ ಉಪಕರಣಗಳಿಗೆ ಒಟ್ಟು ಸುಮಾರು 1,500ರಿಂದ 2,000 ರೂಪಾಯಿ ಖರ್ಚಾಗುತ್ತದೆ. ಕೇಬಲ್ ಮತ್ತು ಖಾಸಗಿ ಡಿಟಿಎಚ್‌ಗಳಲ್ಲಿ ದರ ಲೆಕ್ಕ ಹಾಕುವ ಕ್ರಮವನ್ನು ಟ್ರಾಯ್ 2019ರ ಫೆಬ್ರವರಿಯಿಂದ ಬದಲಿಸಿತು. ನೋಡುಗನು ಮೊದಲು ಜಾಲ ಸಾಮರ್ಥ್ಯ ಶುಲ್ಕವನ್ನು ಕೊಡಬೇಕು. ಇದರ ಗರಿಷ್ಠ ಮಿತಿ ತಿಂಗಳಿಗೆ 130 ರೂಪಾಯಿ; ಶೇಕಡಾ 18ರ ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಚಂದಾ ವಾಹಿನಿಗಳ ಬೆಲೆ ಇದರ ಮೇಲೆ ಪ್ರತ್ಯೇಕ. ಮೊದಲು 100 ವಾಹಿನಿಗಳಿಗೆ ಅನ್ವಯಿಸುತ್ತಿದ್ದ ಈ ಶುಲ್ಕವನ್ನು 2020ರಲ್ಲಿ 200 ವಾಹಿನಿಗಳಿಗೆ ವಿಸ್ತರಿಸಲಾಯಿತು. 2024ರ ಜುಲೈನಲ್ಲಿ ಮಿತಿಯನ್ನೇ ತೆಗೆದು, ದರ ನಿಗದಿಯನ್ನು ಸೇವೆ ಕೊಡುವವರಿಗೆ ಬಿಡಲಾಯಿತು.

ಹಳೆಯ ಮಿತಿಯಂತೆ ಲೆಕ್ಕ ಹಾಕಿದರೂ, ಒಂದೇ ಒಂದು ಚಂದಾ ವಾಹಿನಿ ಕೊಳ್ಳದ ಮನೆ ವರ್ಷಕ್ಕೆ 1,840 ರೂಪಾಯಿ ತೆರುತ್ತಿತ್ತು. ಅಂದರೆ ಉಚಿತ ವಾಹಿನಿಗಳನ್ನು ಮಾತ್ರ ನೋಡುವವರಿಗೆ ಕೇಬಲ್‌ನ ಒಂದು ವರ್ಷದ ಖರ್ಚು ಫ್ರೀ ಡಿಶ್‌ನ ಪೂರ್ತಿ ಖರ್ಚಿಗೆ ಸಮ. ಎರಡನೆಯ ವರ್ಷದಿಂದ ಉಳಿಯುವುದೆಲ್ಲ ಉಳಿತಾಯ. ತಿಂಗಳಿಗೆ 100 ರೂಪಾಯಿಯ ಕನ್ನಡ ವಾಹಿನಿಗಳ ಗುಚ್ಛವನ್ನು ಸೇರಿಸಿಕೊಂಡವರ ವಾರ್ಷಿಕ ಖರ್ಚು ತೆರಿಗೆ ಸೇರಿ 3,200 ದಾಟುತ್ತದೆ. ದಿನಗೂಲಿಯ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ. ಕೇಬಲ್‌ನ ಪರವಾಗಿಯೂ ಹೇಳಬೇಕಾದದ್ದಿದೆ: ಮಳೆಯಲ್ಲಿ ಮನೆಯ ಡಿಶ್‌ನಂತೆ ಕೈಕೊಡುವುದು ಕಡಿಮೆ, ಊರಿನ ಸ್ಥಳೀಯ ಸುದ್ದಿವಾಹಿನಿ ಅದರಲ್ಲಿ ಮಾತ್ರ ಸಿಗುತ್ತದೆ, ಕೆಟ್ಟರೆ ಸರಿಪಡಿಸಲು ಪರಿಚಯದ ಹುಡುಗನೊಬ್ಬ ಬರುತ್ತಾನೆ. ಫ್ರೀ ಡಿಶ್ ಕೆಟ್ಟರೆ ಮೆಕ್ಯಾನಿಕ್‌ನನ್ನು ಮನೆಯವರೇ ಹುಡುಕಬೇಕು.

ಅಂತರಜಾಲದ ಮೂಲಕ ನೋಡುವ ಒಟಿಟಿ ಸೇವೆಗಳು ಮೂರನೆಯ ದಾರಿ. 2016ರ ನಂತರ ಮೊಬೈಲ್ ಡೇಟಾ ಅಗ್ಗವಾದ ಮೇಲೆ ಅನೇಕರು ಟಿವಿ ಸಂಪರ್ಕವನ್ನೇ ಬಿಟ್ಟರು. ಹಣ ಕೊಟ್ಟು ಡಿಟಿಎಚ್ ನೋಡುವವರ ಸಂಖ್ಯೆ 2020ರ ಸುಮಾರಿನ 7 ಕೋಟಿಯಿಂದ 2025ಕ್ಕೆ 6 ಕೋಟಿಗಿಂತ ಕೆಳಗಿಳಿಯಿತು. ಸಾಧಾರಣ ಗುಣಮಟ್ಟದ ಚಿತ್ರಕ್ಕೆ ಗಂಟೆಗೆ ಹೆಚ್ಚೆಂದರೆ 1 ಜಿಬಿ, ಎಚ್‌ಡಿ ಚಿತ್ರಕ್ಕೆ 3 ಜಿಬಿವರೆಗೆ ಡೇಟಾ ಬೇಕಾಗುತ್ತದೆ. ಬ್ರಾಡ್‌ಬ್ಯಾಂಡ್ ಇರುವ ಮನೆಗೆ ಇದು ಹೊರೆಯಲ್ಲ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕ್ ಒಂದನ್ನೇ ನಂಬಿದ ಮನೆಯಲ್ಲಿ ಸಂಜೆ ಎರಡು ಗಂಟೆ ಎಲ್ಲರೂ ಕುಳಿತು ನೋಡಲು ಅದು ಸಾಲದು. ಕನ್ನಡದ ಬಹುತೇಕ ಸುದ್ದಿವಾಹಿನಿಗಳು ಯೂಟ್ಯೂಬ್‌ನಲ್ಲಿ ನೇರಪ್ರಸಾರ ನೀಡುವುದರಿಂದ, ಟಿವಿಗೆ ಫ್ರೀ ಡಿಶ್, ಕನ್ನಡ ಸುದ್ದಿಗೆ ಮೊಬೈಲ್ ಎಂಬ ಮಿಶ್ರ ಪದ್ಧತಿ ಕಡಿಮೆ ಖರ್ಚಿನಲ್ಲಿ ಹೊಂದಿಕೆಯಾಗುತ್ತದೆ. ಪ್ರಸಾರ ಭಾರತಿಯೂ 2024ರ ನವೆಂಬರ್‌ನಲ್ಲಿ 'ವೇವ್ಸ್' ಎಂಬ ಒಟಿಟಿಯನ್ನು ಬಿಡುಗಡೆ ಮಾಡಿತು.

ಅಳವಡಿಕೆ

ಮಾರುಕಟ್ಟೆಯಲ್ಲಿ ಎಂಪೆಗ್-2 ಮತ್ತು ಎಂಪೆಗ್-4 ಎಂಬ ಎರಡು ಬಗೆಯ ಸೆಟ್ ಟಾಪ್ ಬಾಕ್ಸ್‌ಗಳಿವೆ. ಎಂಪೆಗ್-2 ಪೆಟ್ಟಿಗೆ ಅಗ್ಗವಾದರೂ ಎಂಪೆಗ್-4 ಪದ್ಧತಿಯಲ್ಲಿ ಬರುವ ವಾಹಿನಿಗಳನ್ನು ಅದು ತೋರಿಸಲಾರದು. ಎಂಪೆಗ್-4 ಪೆಟ್ಟಿಗೆ ಎರಡನ್ನೂ ತೋರಿಸುತ್ತದೆ. ಹೊಸದಾಗಿ ಕೊಳ್ಳುವವರಿಗೆ ಎರಡನೆಯದೇ ಸೂಕ್ತ. ಕೆಲವು ಹೊಸ ಟಿವಿಗಳಲ್ಲಿ ಉಪಗ್ರಹ ಟ್ಯೂನರ್ ಒಳಗೇ ಇರುತ್ತದೆ. ಅಂತಹವಕ್ಕೆ ಡಿಶ್‌ನ ತಂತಿಯನ್ನು ನೇರ ಜೋಡಿಸಬಹುದು, ಪೆಟ್ಟಿಗೆ ಬೇಡ.

ಸನ್ ಡೈರೆಕ್ಟ್ ಸೇವೆಯೂ 93.5 ಡಿಗ್ರಿ ಸ್ಥಾನದಿಂದಲೇ ಪ್ರಸಾರವಾಗುವುದರಿಂದ, ಅದರ ಹಳೆಯ ಡಿಶ್ ಮನೆಯ ಮೇಲಿದ್ದರೆ ತಟ್ಟೆಯನ್ನು ತಿರುಗಿಸದೆಯೇ ಫ್ರೀ ಡಿಶ್ ಪೆಟ್ಟಿಗೆಯನ್ನು ಜೋಡಿಸಬಹುದು. ಬೇರೆ ಸೇವೆಗಳ ಡಿಶ್ ಆದರೆ ದಿಕ್ಕನ್ನು ಬದಲಿಸಬೇಕಾಗುತ್ತದೆ. ಹೊಸ ವಾಹಿನಿಗಳು ಸೇರಿದಾಗ ಅಥವಾ ತರಂಗಾಂತರ ಬದಲಾದಾಗ ಪೆಟ್ಟಿಗೆಯಲ್ಲಿ ಮರುಹುಡುಕಾಟ ನಡೆಸಬೇಕು. ವಾಹಿನಿ ಕಾಣೆಯಾಯಿತೆಂದು ಮೆಕ್ಯಾನಿಕ್‌ನನ್ನು ಕರೆಸುವ ಮೊದಲು ರಿಮೋಟ್‌ನಿಂದ ಇದನ್ನು ಮಾಡಿ ನೋಡುವುದು ಒಳ್ಳೆಯದು. ಎರಡು ಟಿವಿಗಳಿಗೆ ಬೇರೆ ಬೇರೆ ವಾಹಿನಿ ಬೇಕಿದ್ದರೆ ಎರಡು ಪೆಟ್ಟಿಗೆಗಳ ಜೊತೆಗೆ ಎರಡು ತುದಿಯ ಎಲ್‌ಎನ್‌ಬಿಯೂ ಬೇಕು. ಈ ಸೇವೆಯ ಹೆಸರಿನಲ್ಲಿ ಯಾರಾದರೂ ಮಾಸಿಕ ಶುಲ್ಕ ಅಥವಾ ರೀಚಾರ್ಜ್ ಹಣ ಕೇಳಿದರೆ ಅದು ವಂಚನೆಯೆಂದೇ ತಿಳಿಯಬೇಕು.

ಸರ್ಕಾರದ ಯೋಜನೆಗಳು

2023ರ ಜನವರಿಯಲ್ಲಿ ಕೇಂದ್ರ ಸಂಪುಟ ಅನುಮೋದಿಸಿದ 'ಬೈಂಡ್' ಯೋಜನೆಯಡಿ, 2,539.61 ಕೋಟಿ ರೂಪಾಯಿ ವೆಚ್ಚದಲ್ಲಿ ಆಕಾಶವಾಣಿ ಮತ್ತು ದೂರದರ್ಶನದ ಸೌಲಭ್ಯಗಳನ್ನು ವಿಸ್ತರಿಸುವುದರ ಜೊತೆಗೆ, ದುರ್ಗಮ, ಬುಡಕಟ್ಟು ಮತ್ತು ಗಡಿ ಪ್ರದೇಶಗಳಲ್ಲಿ 8 ಲಕ್ಷಕ್ಕೂ ಹೆಚ್ಚು ಫ್ರೀ ಡಿಶ್ ಪೆಟ್ಟಿಗೆಗಳನ್ನು ಉಚಿತವಾಗಿ ಹಂಚುವ ಪ್ರಸ್ತಾವವಿದೆ. ದೂರದರ್ಶನದ ಹಳೆಯ ಅನಲಾಗ್ ಪ್ರಸಾರ ಗೋಪುರಗಳಲ್ಲಿ ಬಹುತೇಕವನ್ನು 2022ರ ಹೊತ್ತಿಗೆ ಮುಚ್ಚಲಾಗಿದ್ದು, ಆಂಟೆನಾ ಒಂದರಿಂದಲೇ ಉಚಿತವಾಗಿ ನೋಡುತ್ತಿದ್ದ ಮನೆಗಳಿಗೆ ಫ್ರೀ ಡಿಶ್ ಬಿಟ್ಟರೆ ಬೇರೆ ಉಚಿತ ಟಿವಿ ಹೆಚ್ಚಿನ ಕಡೆ ಉಳಿದಿಲ್ಲ. ಅಂತರಜಾಲವಿಲ್ಲದೆ ಮೊಬೈಲ್‌ಗೆ ನೇರವಾಗಿ ಪ್ರಸಾರ ಮಾಡುವ ಮತ್ತೊಂದು ತಂತ್ರಜ್ಞಾನವನ್ನು ಬೆಂಗಳೂರು, ನೊಯಿಡಾ ಮತ್ತು ದೆಹಲಿಯ ಕರ್ತವ್ಯ ಪಥದಲ್ಲಿ ಪ್ರಾಯೋಗಿಕವಾಗಿ ಪರೀಕ್ಷಿಸಲಾಗಿದೆ. ಐಐಟಿ ಕಾನ್ಪುರದೊಂದಿಗೆ ಅದನ್ನು ಅಭಿವೃದ್ಧಿಪಡಿಸಿದ ಸಾಂಖ್ಯ ಲ್ಯಾಬ್ಸ್ ಬೆಂಗಳೂರಿನ ಸಂಸ್ಥೆ.